ಬಿಲ್ ಬೇಕೆಂದರೆ ಮೊಬೈಲ್ ನಂಬರ್ ಏಕೆ ಕೊಡಬೇಕು?

ಮಾನ್ಯ ಸಂಪಾದಕರೇ,

ಬಟ್ಟೆಯಂಗಡಿ, ಚಪ್ಪಲಿ ಅಂಗಡಿ, ಔಷಧದಂಗಡಿ, ದಿನಸಿ ಮಳಿಗೆ ಎಂಬ ಭೇದವಿಲ್ಲದೆ ನಮ್ಮ ನಗರಗಳ ದೊಡ್ಡ ಮಳಿಗೆಗಳಲ್ಲೆಲ್ಲ ಬಿಲ್ ಮಾಡುವ ಮುನ್ನ ಗ್ರಾಹಕರ ಮೊಬೈಲ್ ನಂಬರ್ ಕೇಳುವುದು ರೂಢಿಯಾಗಿಬಿಟ್ಟಿದೆ. ಕೇಳಿದರೆ ತಪ್ಪಿಲ್ಲ, ಕೊಡುವುದಿಲ್ಲ ಎಂದವರಿಗೆ ಬಿಲ್ಲನ್ನೇ ನಿರಾಕರಿಸುವುದು ತಪ್ಪು. ಈ ಒತ್ತಾಯಕ್ಕೆ ರಾಜ್ಯ ಸರ್ಕಾರ ಕಡಿವಾಣ ಹಾಕಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಇತ್ತೀಚೆಗೆ ಮೈಸೂರಿನ ಮಳಿಗೆಯೊಂದರಲ್ಲಿ ನನ್ನ ಮುಂದೆ ತಾಯಿ, ಮಗಳು ನಿಂತಿದ್ದರು. ತಾಯಿ ಎರಡು ಚೂಡಿದಾರ್ ಕೊಂಡು ನಗದು ಹಣ ಮುಂದಿಟ್ಟರು. ಕೌಂಟರಿನ ಹುಡುಗ ನಂಬರ್ ಕೇಳಿದ. ಅವರು ಮಗಳ ಮುಖ ನೋಡಿದರು. ಕಾಲೇಜಿಗೆ ಹೋಗುವ ವಯಸ್ಸಿನ ಆ ಹುಡುಗಿ ತನ್ನ ನಂಬರನ್ನು ಮೆಲುದನಿಯಲ್ಲಿ ಹೇಳಿದಳು. ಸರಿಯಾಗಿ ಕೇಳಿಸದ್ದರಿಂದ ಅವನು ಹತ್ತೂ ಅಂಕಿಗಳನ್ನು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಂಡ, ಆಮೇಲೆ ಹೆಸರು ಮತ್ತು ಹುಟ್ಟಿದ ದಿನವನ್ನೂ ಕೇಳಿದ. ಸಾಲಿನಲ್ಲಿದ್ದ ಅಪರಿಚಿತರಿಗೆಲ್ಲ ಅವಳ ಹೆಸರು, ನಂಬರ್ ಎರಡೂ ತಿಳಿದವು. ನನ್ನ ಸರದಿ ಬಂದಾಗ ನಂಬರ್ ಕೊಡುವುದಿಲ್ಲ ಎಂದೆ. ಹತ್ತು ಅಂಕಿ ತುಂಬದೆ ಕಂಪ್ಯೂಟರ್ ಮುಂದಕ್ಕೆ ಹೋಗುವುದೇ ಇಲ್ಲವೆಂದು ಅವನು ಪರದೆಯನ್ನು ನನ್ನತ್ತ ತಿರುಗಿಸಿದ. ಕೊನೆಗೆ ಮ್ಯಾನೇಜರ್ ಬಂದು ತಮ್ಮ ನಂಬರನ್ನೇ ಹಾಕಿ ಬಿಲ್ ಕೊಟ್ಟರು. ದಿನಕ್ಕೆ ಇಂತಿಷ್ಟು ಹೊಸ ನಂಬರ್ ಸಂಗ್ರಹಿಸಬೇಕೆಂದು ಮೇಲಿನವರು ಗುರಿ ಕೊಟ್ಟಿದ್ದಾರೆಂದೂ ಹೇಳಿದರು. ಹಾಗಾಗಿ ಕೌಂಟರಿನ ಹುಡುಗರ ಮೇಲೆ ರೇಗುವುದು ನ್ಯಾಯವಲ್ಲ. ಉತ್ತರ ಕೊಡಬೇಕಾದವರು ಅಂಥ ಸಾಫ್ಟ್‌ವೇರ್ ಬರೆಸಿ, ಅಂಥ ಗುರಿ ವಿಧಿಸಿದವರು.

‘ಇದು ಸರ್ಕಾರದ ನಿಯಮ, ಜಿಎಸ್‌ಟಿಗೆ ಬೇಕು’ ಎಂದು ಕೆಲವು ಕಡೆ ಹೇಳುತ್ತಾರೆ. ಅದು ಸುಳ್ಳು. ಜಿಎಸ್‌ಟಿ ನೋಂದಣಿ ಇಲ್ಲದ ಸಾಮಾನ್ಯ ಗ್ರಾಹಕರ ಹೆಸರು, ವಿಳಾಸ ಬಿಲ್ಲಿನಲ್ಲಿ ಇರಲೇಬೇಕೆಂದು ಆ ನಿಯಮ ಹೇಳುವುದು ಖರೀದಿಯ ಮೊತ್ತ 50,000 ರೂಪಾಯಿ ಮುಟ್ಟಿದಾಗ. ಆಗಲೂ ಮೊಬೈಲ್ ನಂಬರಿನ ಮಾತು ಅಲ್ಲಿಲ್ಲ. ಮೇಲಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದ ವಸ್ತುವಿಗೆ ಬಿಲ್ ಕೊಡದಿರುವುದೂ, ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿಗೆ ಹೊರತಾಗಿ ಇನ್ನೊಬ್ಬರಿಗೆ ದಾಟಿಸುವುದೂ ಅನುಚಿತ ವ್ಯಾಪಾರ ಪದ್ಧತಿಗಳು. ನಂಬರಿಗಾಗಿ ಗ್ರಾಹಕರನ್ನು ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ವ್ಯಾಪಾರಿ ಸಂಘಟನೆಗಳಿಗೆ ಸಲಹೆ ಕಳಿಸಿತ್ತು. ಅದು ಬರೀ ಸಲಹೆಯಾಗಿದ್ದರಿಂದ ಯಾರೂ ಕಿವಿಗೆ ಹಾಕಿಕೊಂಡಂತಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಹುಟ್ಟಿಸುವುದು ಔಷಧದಂಗಡಿಗಳ ವಿಷಯ. ಬಟ್ಟೆಯಂಗಡಿಯವರಿಗೆ ಹೆಚ್ಚೆಂದರೆ ನನ್ನ ಅಳತೆ ತಿಳಿಯುತ್ತದೆ. ಔಷಧ ಮಾರುವ ಸರಣಿ ಮಳಿಗೆಗೆ, ನಂಬರಿನ ಜೊತೆ ಬಿಲ್ಲುಗಳು ಸೇರುತ್ತಾ ಹೋದಂತೆ, ಯಾರ ಮನೆಯಲ್ಲಿ ಸಕ್ಕರೆ ಕಾಯಿಲೆ ಇದೆ, ಯಾರು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಯಾರು ಗರ್ಭಪರೀಕ್ಷೆಯ ಕಿಟ್ ಕೊಂಡರು, ಯಾರು ಕ್ಷಯದ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಿದರು ಎಂಬುದೆಲ್ಲ ತಾರೀಕಿನ ಸಮೇತ ಸಿಗುತ್ತದೆ. ಹತ್ತಿರದ ಬಂಧುಗಳಿಂದಲೂ ಮುಚ್ಚಿಟ್ಟ ಸಂಗತಿಗಳಿವು. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಎಚ್1 ಪಟ್ಟಿಯ ಔಷಧಗಳನ್ನು ಮಾರುವಾಗ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧದ ಪ್ರಮಾಣಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕೆಂಬ ನಿಯಮವಿದೆ, ಅದಕ್ಕೆ ಕಾರಣವೂ ಇದೆ: ಪ್ರಬಲ ಆ್ಯಂಟಿಬಯಾಟಿಕ್‌ಗಳು ಬೇಕಾಬಿಟ್ಟಿ ಮಾರಾಟವಾಗಬಾರದು. ಆ ಪುಸ್ತಕಕ್ಕೂ ಮೊಬೈಲ್ ನಂಬರ್ ಬೇಕಿಲ್ಲ. ಹಾಗಿರುವಾಗ ಒಂದು ಸ್ಟ್ರಿಪ್ ಪ್ಯಾರಾಸಿಟಮಾಲ್‌ಗೆ ಅದೇಕೆ ಬೇಕು? ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತ ತಂದೆ ‘ಕೊಡುವುದಿಲ್ಲ’ ಎಂದು ವಾದಿಸುತ್ತಾ ಕೂರುವುದಿಲ್ಲ. ನಂಬರ್ ಹೇಳಿ, ಔಷಧ ತೆಗೆದುಕೊಂಡು ಹೊರಡುತ್ತಾನೆ. ಅದನ್ನು ಒಪ್ಪಿಗೆ ಎನ್ನಲಾಗದು.

ಅನಪೇಕ್ಷಿತ ಕರೆ ತಡೆಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 1909 ವ್ಯವಸ್ಥೆ ಇದೆಯಲ್ಲ ಎಂದು ಯಾರಾದರೂ ಹೇಳಬಹುದು. ನಾನೂ ಅದರಲ್ಲಿ ನೋಂದಾಯಿಸಿಕೊಂಡಿದ್ದೇನೆ. ಆದರೆ ಗ್ರಾಹಕರು ತಾವೇ ಒಪ್ಪಿಗೆ ಕೊಟ್ಟ ಸಂಸ್ಥೆಗೆ ಆ ತಡೆ ಅನ್ವಯಿಸುವುದಿಲ್ಲ. ಬಿಲ್ ಮಾಡುವ ಅವಸರದಲ್ಲಿ ಹೇಳಿದ ನಂಬರು, ನಾವು ಓದದ ನಮೂನೆಯಲ್ಲಿ ಬಿದ್ದ ಒಂದು ಟಿಕ್ ಗುರುತು, ಇವೇ ಒಪ್ಪಿಗೆ ಎನಿಸಿಕೊಂಡರೆ ನೋಂದಣಿ ಮಾಡಿಸಿ ಪ್ರಯೋಜನವೇನು? ಇನ್ನು ಸೋರಿಹೋದ ಪಟ್ಟಿ ವಂಚಕರ ಕೈಗೆ ಸಿಕ್ಕರೆ, ಹೆಸರು ಹಿಡಿದು ಕರೆದು, ನಾವು ಕೊಂಡ ವಸ್ತುವನ್ನೇ ಹೇಳಿ ನಂಬಿಸುವುದು ಅವರಿಗೆ ಸಲೀಸು. ವಯಸ್ಸಾದವರು ಮೋಸಹೋಗುವುದು ಇಂಥ ಕಡೆಯೇ.

ಖಾಸಗಿತನ ಸಂವಿಧಾನದ 21ನೇ ವಿಧಿ ಕೊಟ್ಟ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಅದಕ್ಕೆ ಕಾರಣವಾದ ಅರ್ಜಿಯನ್ನು 2012ರಲ್ಲಿ ಸಲ್ಲಿಸಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗ ಅವರಿಗೆ ಎಂಬತ್ತು ದಾಟಿತ್ತು. ಕನ್ನಡಿಗರೊಬ್ಬರ ಹೆಸರಿನಲ್ಲಿ ದೇಶಕ್ಕೇ ದಕ್ಕಿದ ಈ ಹಕ್ಕು ಅವರ ರಾಜ್ಯದ ಅಂಗಡಿಗಳಲ್ಲೇ ಲೆಕ್ಕಕ್ಕಿಲ್ಲದಂತಾಗಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಆ ತೀರ್ಪಿನ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆಯು ಮುಕ್ತವಾಗಿರಬೇಕು, ಷರತ್ತಿಲ್ಲದೆ ಇರಬೇಕು, ಉದ್ದೇಶಕ್ಕೆ ಅಗತ್ಯವಾದಷ್ಟೇ ಮಾಹಿತಿಗೆ ಸೀಮಿತವಾಗಿರಬೇಕು ಎನ್ನುತ್ತದೆ. ಮಾಹಿತಿ ಏಕೆ ಬೇಕೆಂಬ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ, ಎಂದರೆ ಕನ್ನಡದಲ್ಲೂ, ಓದುವ ಅವಕಾಶ ಗ್ರಾಹಕರಿಗೆ ಇರಬೇಕು. ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳು ಜಾರಿಗೆ ಬರಲು ಮತ್ತೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಸಾಫ್ಟ್‌ವೇರಿನಲ್ಲಿ ಒಂದು ಕಡ್ಡಾಯ ಅಂಕಣವನ್ನು ಐಚ್ಛಿಕ ಮಾಡಲು ಅಷ್ಟು ಕಾಲ ಬೇಕಾಗಿಲ್ಲ.

ಅಲ್ಲಿಯವರೆಗೆ ರಾಜ್ಯ ಸರ್ಕಾರ ಕೈಕಟ್ಟಿ ಕೂರಬೇಕಿಲ್ಲ. ತೂಕ, ಅಳತೆ, ಪೊಟ್ಟಣದ ಮೇಲಿನ ಬೆಲೆಗಳನ್ನು ತಪಾಸಣೆ ಮಾಡಲು ಕಾನೂನು ಮಾಪನಶಾಸ್ತ್ರ ಇಲಾಖೆಯ ಅಧಿಕಾರಿಗಳು ಅಂಗಡಿಗಳಿಗೆ ಹೇಗೂ ಹೋಗುತ್ತಾರೆ. ‘ಮೊಬೈಲ್ ನಂಬರ್ ಕೊಡುವುದು ಕಡ್ಡಾಯವಲ್ಲ, ಕೊಡದಿದ್ದರೂ ಬಿಲ್ ಸಿಗುತ್ತದೆ’ ಎಂಬ ಫಲಕವನ್ನು ಪ್ರತಿ ಬಿಲ್ ಕೌಂಟರಿನಲ್ಲಿ ಕನ್ನಡದಲ್ಲಿ ಹಾಕುವಂತೆ ಗ್ರಾಹಕ ವ್ಯವಹಾರಗಳ ಸಚಿವರು ಆದೇಶ ಹೊರಡಿಸಲಿ, ಔಷಧದಂಗಡಿಗಳಿಂದಲೇ ಜಾರಿ ಆರಂಭವಾಗಲಿ. ಬಿಲ್ ನಿರಾಕರಣೆಗೆ ಒಳಗಾದ ಓದುಗರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ದೂರು ದಾಖಲಿಸಬಹುದು, ದಯವಿಟ್ಟು ದಾಖಲಿಸಿ.

ಇಂತಿ,
ನಿಮ್ಮ ಓದುಗ,
ಮೈಸೂರು