ಬೈಬಲ್‌ನ ಮೂಲ ಭಾಷೆ ಒಂದೇ ಅಲ್ಲ

ಸಂಪಾದಕರಿಗೆ,

ಮಾನ್ಯರೇ,

ಧರ್ಮಗ್ರಂಥಗಳ ಭಾಷೆ ಕುರಿತು ಭಾನುವಾರದ ಪುರವಣಿಯಲ್ಲಿ ಬಂದ ಲೇಖನವು ಬೈಬಲ್‌ನ ಮೂಲ ಹೀಬ್ರೂ ಎಂದಷ್ಟೇ ಹೇಳಿ ಮುಂದೆ ಸಾಗಿದೆ. (ಕನ್ನಡ ಬೈಬಲ್ ಓದಿ ಬೆಳೆದ ನಮ್ಮಂಥವರಿಗೆ ಅದು ‘ಇಬ್ರಿಯ’ ಭಾಷೆ.) ಬೈಬಲ್‌ನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಬಹುಪಾಲಿಗೆ ಈ ಮಾತು ಸಲ್ಲುತ್ತದೆ. ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ 27 ಪುಸ್ತಕಗಳು ನಮಗೆ ದೊರೆತಿರುವುದು ಗ್ರೀಕ್‌ನಲ್ಲಿ. ಅದೂ ಪ್ರಾಚೀನ ಕವಿ ಹೋಮರನ ಗ್ರೀಕ್ ಅಲ್ಲ, ಆ ಕಾಲದ ಪೇಟೆ, ಬಂದರುಗಳಲ್ಲಿ ಜನ ಆಡುತ್ತಿದ್ದ ಕೊಯಿನೆ ಗ್ರೀಕ್. ಇನ್ನು ಹೀಬ್ರೂವಿನ ಸೋದರಭಾಷೆಯಾದ ಅರಾಮಿಕ್‌ನ ಹೆಸರೇ ಲೇಖನದಲ್ಲಿಲ್ಲ.

ಹಳೆಯ ಒಡಂಬಡಿಕೆಗೇ ಸೇರಿದ ದಾನಿಯೇಲನ ಗ್ರಂಥದ 2ನೇ ಅಧ್ಯಾಯದ 4ನೇ ವಚನವನ್ನು ನೋಡಬೇಕು. ಅರಸನ ಕನಸಿಗೆ ಅರ್ಥ ಹೇಳಬೇಕಾಗಿದ್ದ ಪಂಡಿತರು ಅರಾಮಿಕ್‌ನಲ್ಲಿ ಬಿನ್ನವಿಸಿದರೆಂದು ಹೀಬ್ರೂವಿನಲ್ಲಿ ತಿಳಿಸುವ ಬರಹಗಾರ, ಅವರ ಮಾತು ಶುರುವಾಗುತ್ತಿದ್ದಂತೆ ವಚನದ ನಡುವೆಯೇ ತಾನೂ ಅರಾಮಿಕ್‌ಗೆ ಹೊರಳುತ್ತಾನೆ. ಪಂಡಿತರ ಮಾತು ಮುಗಿದ ಮೇಲೂ ಅದನ್ನು ಬಿಡದೆ 7ನೇ ಅಧ್ಯಾಯದ ಕೊನೆಯವರೆಗೆ ಅದರಲ್ಲೇ ಬರೆದು, 8ನೇ ಅಧ್ಯಾಯದಲ್ಲಿ ಹೀಬ್ರೂವಿಗೆ ಮರಳುತ್ತಾನೆ. ಅನುವಾದ ಓದುವವರಿಗೆ ಇದರ ಸುಳಿವೂ ಹತ್ತುವುದಿಲ್ಲ. ಎಜ್ರನ ಗ್ರಂಥದಲ್ಲಿ ಪರ್ಷಿಯದ ಅರಸರೊಡನೆ ನಡೆದ ಪತ್ರವ್ಯವಹಾರವೂ ಅರಾಮಿಕ್‌ನಲ್ಲೇ ಇದೆ, ಏಕೆಂದರೆ ಆ ಸಾಮ್ರಾಜ್ಯದ ಕಚೇರಿಭಾಷೆ ಅದಾಗಿತ್ತು.

ಹೀಬ್ರೂ ಪಾಠ ನೋಡಿದರೆ ಅರ್ಥದ ತಕರಾರು ಉಳಿಯದೆಂಬ ಲೇಖಕರ ನಂಬಿಕೆಯನ್ನೂ ನಾನು ಒಪ್ಪಲಾರೆ. ಪ್ರಾಚೀನ ಹೀಬ್ರೂವನ್ನು ಬಹುಮಟ್ಟಿಗೆ ವ್ಯಂಜನಗಳಲ್ಲೇ ಬರೆಯುತ್ತಿದ್ದರು. ನಮ್ಮ ಕಾಗುಣಿತವನ್ನೆಲ್ಲ ಕಳಚಿ ‘ಕ’, ‘ಲ’ ಎರಡನ್ನೇ ಉಳಿಸಿದರೆ ಅದು ಕಾಲೋ, ಕೋಲೋ, ಕಲೆಯೋ, ಕೂಲಿಯೋ ಎಂಬುದನ್ನು ಸಂದರ್ಭದಿಂದಲೇ ಊಹಿಸಬೇಕಾಗುತ್ತದೆ. ಸ್ವರಚಿಹ್ನೆಗಳನ್ನು ವ್ಯವಸ್ಥಿತವಾಗಿ ಸೇರಿಸಿದ ಮಸೊರೆಟಿಕ್ ಎಂದು ಹೆಸರಾದ ಯೆಹೂದಿ ವಿದ್ವಾಂಸರು ಬಂದದ್ದು ಎಷ್ಟೋ ಶತಮಾನಗಳ ನಂತರ.

ಹಳೆಯ ಒಡಂಬಡಿಕೆಯ ವಿಮೋಚನಕಾಂಡದ 34ನೇ ಅಧ್ಯಾಯದಲ್ಲಿ ಬೆಟ್ಟದಿಂದಿಳಿದ ಇಸ್ರಾಯೇಲರ ನಾಯಕ ಮೋಶೆಯ ಮುಖವನ್ನು ವರ್ಣಿಸುವ, ‘ಪ್ರಕಾಶಿಸು’ ಎಂದು ಅರ್ಥ ಮಾಡಲಾಗುವ ಕ್ರಿಯಾಪದಕ್ಕೂ ‘ಕೊಂಬು’ ಎಂಬ ನಾಮಪದಕ್ಕೂ ಇರುವುದು ಅವೇ ಮೂರು ವ್ಯಂಜನಗಳು. ಲ್ಯಾಟಿನ್‌ಗೆ ಅನುವಾದಿಸಿದ ಜೆರೋಮ್ ಕೊಂಬಿನ ಅರ್ಥವನ್ನು ಹಿಡಿದ. ಅದನ್ನು ಬರೀ ಅಜ್ಞಾನವೆನ್ನಲಾಗದು, ಅವನಿಗಿಂತ ಮೊದಲೇ ಅಕ್ವಿಲನ ಗ್ರೀಕ್ ಅನುವಾದದಲ್ಲಿ ಆ ಅರ್ಥವಿತ್ತು. ಕನ್ನಡ ಬೈಬಲ್‌ನಲ್ಲಿ ಮೋಶೆಯ ಮುಖ ಪ್ರಕಾಶಿಸುತ್ತದೆ. ತಮ್ಮ ಪುರವಣಿಯಲ್ಲಿ ಲೇಖನದ ಪಕ್ಕದಲ್ಲೇ ಅಚ್ಚಾದ ಮೈಕೆಲೆಂಜೆಲೊನ ಅಮೃತಶಿಲೆಯ ಮೋಶೆಯ ತಲೆಯ ಮೇಲೆ ಎರಡು ಕೊಂಬುಗಳಿವೆ, ಅವು ಎಲ್ಲಿಂದ ಬಂದವೆಂಬುದಕ್ಕೆ ಮಾತ್ರ ಚಿತ್ರದ ಕೆಳಗೆ ಒಂದು ಸಾಲೂ ಇಲ್ಲ.

ತಮ್ಮ ವಿಶ್ವಾಸಿ,
ಓದುಗ, ಮಂಗಳೂರು