ಪಾತ್ರಗಳ ಹಣೆಗೆ ನಾಲ್ಕಕ್ಷರದ ಪಟ್ಟಿ

ಮಾನ್ಯ ಸಂಪಾದಕರೇ,

ಟಿ.ವಿ. ಧಾರಾವಾಹಿಗಳ ಪಾತ್ರಗಳನ್ನು, ತಲಾ ನಾಲ್ಕು ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುವ ಹದಿನಾರು ವ್ಯಕ್ತಿತ್ವ ಮಾದರಿಗಳಲ್ಲಿ ಒಂದಕ್ಕೆ ಸೇರಿಸಿ, ಇವನು ಅಂತರ್ಮುಖಿ, ಇವಳು ಬಹಿರ್ಮುಖಿ ಎಂದು ತೀರ್ಪು ಕೊಡುವ ಹವ್ಯಾಸದ ಬಗ್ಗೆ ನನ್ನದೊಂದು ತಕರಾರಿದೆ. (ಈ ಆಟವನ್ನು ನಾನೂ ಆಡಿದ್ದೇನೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.)

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ವಿಚಾರಗಳನ್ನು ಆಧರಿಸಿ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್ ರೂಪಿಸಿದ ಈ ವಿಂಗಡಣೆಯಲ್ಲಿ, ವ್ಯಕ್ತಿಯು ಪ್ರಶ್ನೆಗಳಿಗೆ ಸ್ವತಃ ಉತ್ತರಿಸಬೇಕು. ಹಾಗೆ ಉತ್ತರಿಸಿದವರಲ್ಲೂ ಸಾಕಷ್ಟು ಮಂದಿಗೆ ಕೆಲವೇ ವಾರಗಳ ನಂತರದ ಮರುಪರೀಕ್ಷೆಯಲ್ಲಿ ಬೇರೆ ಮಾದರಿ ಬರುವುದುಂಟು. ಹೀಗಿರುವಾಗ, ಉತ್ತರಿಸಲು ಸ್ವಂತ ಬಾಯಿಯೇ ಇಲ್ಲದ ಪಾತ್ರದ ಪರವಾಗಿ ನಾವು ಕೊಡುವ ಉತ್ತರ ಎಷ್ಟು ಗಟ್ಟಿ?

ಪಾತ್ರದ ನಡವಳಿಕೆ ಅದರ ಸ್ವಭಾವದಿಂದಲೇ ಹುಟ್ಟಬೇಕೆಂದಿಲ್ಲ. ಮೊದಲ ಕಂತುಗಳಲ್ಲಿ ನಾಯಕ ಮಾತು ಕಡಿಮೆ ಆಡುವುದು ಅವನು ಅಂತರ್ಮುಖಿಯಾದ್ದರಿಂದಲ್ಲ, ಅವನ ಗುಟ್ಟು ಬೇಗ ಬಯಲಾದರೆ ಕಥೆಯೇ ಮುಗಿದುಹೋಗುತ್ತದೆ ಎಂಬ ಕಾರಣಕ್ಕೂ ಇರಬಹುದು. ಮುಂದೆ ಬರಹಗಾರರು ಬದಲಾದರೆ, ಅಥವಾ ಅವನ ಹಾಸ್ಯ ಜನರಿಗೆ ಹಿಡಿಸಿದರೆ, ಅದೇ ನಾಯಕ ವಾಚಾಳಿಯಾಗುತ್ತಾನೆ. ಆಗ ಮಾದರಿ ತಪ್ಪಿತೆಂದು ಒಪ್ಪುವುದನ್ನು ಬಿಟ್ಟು, ಪಾತ್ರವೇ ಹಾಳಾಯಿತು ಎಂದು ಅಭಿಮಾನಿಗಳು ದೂರುವುದು ನನಗೆ ಬೇಸರ ತರಿಸುತ್ತದೆ.

ಒಂದು ಪ್ರಯೋಜನವನ್ನಂತೂ ಅಲ್ಲಗಳೆಯಲಾರೆ. ಒಂದೇ ಪಾತ್ರಕ್ಕೆ ಇಬ್ಬರು ಬೇರೆ ಬೇರೆ ಮಾದರಿ ಕೊಟ್ಟು ವಾದಕ್ಕಿಳಿದಾಗ, ಯಾವ ದೃಶ್ಯದಲ್ಲಿ ಆ ಪಾತ್ರ ಏಕೆ ಹಾಗೆ ನಡೆದುಕೊಂಡಿತೆಂದು ಇಬ್ಬರೂ ಮತ್ತೆ ನೋಡಬೇಕಾಗುತ್ತದೆ. ಆ ಮರುವೀಕ್ಷಣೆಗಾಗಿ ಈ ಆಟವನ್ನು ನಾನಿನ್ನೂ ಬಿಟ್ಟಿಲ್ಲ.

ಇಂತಿ,
ಓರ್ವ ವೀಕ್ಷಕ