ಅಪ್ಪೆ ಎಂದರೆ ಅಮ್ಮ: ನಮ್ಮ ಬಾಲವಾಡಿಗಾಗಿ ಒಂದು ಮನವಿ

ಶಾಲೆಯ ಹಳೆಯ ವಿದ್ಯಾರ್ಥಿಗಳಿಗೆ, ಊರಿನಲ್ಲಿಯೂ ಪರವೂರಿನಲ್ಲಿಯೂ ಇರುವ ಬಂಧುಗಳಿಗೆ ನಮಸ್ಕಾರಗಳು.

ಕಳೆದ ಜೂನ್ ತಿಂಗಳಲ್ಲಿ ನಮ್ಮ ಬಾಲವಾಡಿಗೆ ಸೇರಿದ ಮೂರೂವರೆ ವರ್ಷದ ಹುಡುಗಿಯೊಬ್ಬಳ ಮುಂದೆ ಟೀಚರ್ ಒಂದು ಚಿತ್ರ ಹಿಡಿದರು. ಸೀರೆ ಉಟ್ಟ ಹೆಂಗಸಿನ ಚಿತ್ರ, ಕೆಳಗೆ ‘ಅಮ್ಮ’ ಎಂಬ ಅಕ್ಷರಗಳು. ‘ಇವರು ಯಾರು? ಅಮ್ಮ’ ಎಂದು ಹೇಳಿಕೊಟ್ಟರು. ಮಗು ಚಿತ್ರವನ್ನು ನೋಡಿತು, ಟೀಚರ್ ಮುಖವನ್ನು ನೋಡಿತು, ಬಾಯಿ ತೆರೆಯಲಿಲ್ಲ. ತುಳು ಬಲ್ಲವರಿಗೆ ಕಾರಣ ವಿವರಿಸಬೇಕಾಗಿಲ್ಲ. ತುಳುವಿನಲ್ಲಿ ತಾಯಿ ಅಪ್ಪೆ, ತಂದೆ ಅಮ್ಮೆ. ಆ ಮಗುವಿನ ಮನೆಯಲ್ಲಿ ಇಂದಿಗೂ ಹಾಗೆಯೇ ಕರೆಯುತ್ತಾರೆ. ಟೀಚರ್ ಘಟ್ಟದ ಮೇಲಿನವರು, ಊರಿಗೆ ಬಂದು ಎರಡು ವಾರವಾಗಿತ್ತಷ್ಟೆ. ತಪ್ಪು ಅವರದೂ ಅಲ್ಲ, ಮಗುವಿನದೂ ಅಲ್ಲ. ಆದರೆ ಆ ಹುಡುಗಿ ಮುಂದಿನ ಹಲವು ದಿನ ತರಗತಿಯಲ್ಲಿ ಒಂದು ಮಾತನ್ನೂ ಆಡಲಿಲ್ಲ.

ಮಂಗಳೂರಿನಿಂದ ಒಂದು ಗಂಟೆಯ ಬಸ್ ಹಾದಿಯಲ್ಲಿರುವ ಈ ಕನ್ನಡ ಶಾಲೆಯ ಬಾಲವಾಡಿಯಲ್ಲಿ ನಲವತ್ತರಷ್ಟು ಮಕ್ಕಳಿದ್ದಾರೆ. ಒಂದೇ ಕೋಣೆ, ಒಂದೇ ಚಾಪೆ. ಆ ಚಾಪೆಯ ಮೇಲೆ ಅಪ್ಪೆಯನ್ನು ನೆನೆದು ಅಳುವ ಮಗುವಿನ ಪಕ್ಕದಲ್ಲಿ ಉಮ್ಮನನ್ನು ನೆನೆದು ಅಳುವ ಬ್ಯಾರಿ ಮಗು, ಅದರಾಚೆ ಆವಯ್ ಬೇಕೆನ್ನುವ ಕೊಂಕಣಿ ಮಗು, ಬಾಗಿಲ ಬಳಿ ಯಾಡಿ ಹೋದ ದಾರಿಯನ್ನೇ ನೋಡುತ್ತ ನಿಂತ ಲಂಬಾಣಿ ಮಗು. ಲಂಬಾಣಿ ಮಕ್ಕಳ ತಂದೆತಾಯಿ ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮನೆಯಲ್ಲಿ ಕನ್ನಡ ಮಾತನಾಡುವ ಮಕ್ಕಳು ಬೆರಳೆಣಿಕೆಯಷ್ಟು ಮಾತ್ರ. ಎಲ್ಲರೂ ಕನ್ನಡ ಕಲಿಯಲೆಂದೇ ಬಂದವರು, ಕಲಿಯಲೇಬೇಕು. ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಹಸಿವು, ನೀರಡಿಕೆ, ಹೊಟ್ಟೆನೋವು, ಭಯ ಇವು ಕನ್ನಡ ಕಲಿಯುವ ತನಕ ಕಾಯುವುದಿಲ್ಲವಲ್ಲ. ‘ಎಂಕ್ ಬಡವಾಪುಂಡು’ ಎಂದ ಮಗುವಿಗೆ ಹಸಿವಾಗಿದೆ. ‘ಮ್ಹಾಕಾ ಉದಾಕ್ ಜಾಯ್’ ಎಂದ ಮಗುವಿಗೆ ನೀರು ಬೇಕು. ಇಷ್ಟು ತಿಳಿದವರೊಬ್ಬರು ಆ ಕೋಣೆಯಲ್ಲಿ ಇರಬೇಕು.

ಇದನ್ನು ಬರೆಯುತ್ತಿರುವ ನಾನು ಇದೇ ಶಾಲೆಯಲ್ಲಿ ಓದಿ, ಇಲ್ಲಿಯೇ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತನಾದವನು. ನಾನು ಚಿಕ್ಕವನಿದ್ದಾಗ ಶಾಲೆಯ ಅಂಗಳದಲ್ಲಿ ತುಳು ಮಾತನಾಡಿದರೆ ಕಿವಿ ಹಿಂಡುತ್ತಿದ್ದರು. ಮೇಷ್ಟ್ರಾದ ಮೇಲೆ ನಾನೂ ಹಿಂಡಿದ್ದೇನೆ. ಕನ್ನಡ ಬೇಗ ಬರಲಿ ಎಂಬ ಸದುದ್ದೇಶದಿಂದಲೇ ಮಾಡಿದ್ದು. ಈಗ ಹಿಂದಿರುಗಿ ನೋಡಿದರೆ, ನನ್ನ ತರಗತಿಯಲ್ಲಿ ‘ಮಂದ’ ಎಂದು ಹಿಂದಿನ ಸಾಲಿಗೆ ಸರಿದ ಕೆಲವು ಮಕ್ಕಳ ಮುಖಗಳು ಕಣ್ಣೆದುರು ಬರುತ್ತವೆ. ಅವರು ಮಂದರಾಗಿರಲಿಲ್ಲ. ಮೊದಲ ಆರು ತಿಂಗಳು ನಾನು ಆಡಿದ್ದು ಅವರಿಗೆ ತಿಳಿಯುತ್ತಿರಲಿಲ್ಲ, ತಿಳಿಯುವ ಹೊತ್ತಿಗೆ ಪಾಠ ಮುಂದೆ ಹೋಗಿರುತ್ತಿತ್ತು. ಆ ಮಕ್ಕಳಿಗೆ ಈಗ ನಾನು ಏನನ್ನೂ ಹಿಂದಿರುಗಿಸಲಾರೆ. ಈ ಮನವಿಯನ್ನು ನಾನೇ ಬರೆಯುತ್ತೇನೆಂದು ಟ್ರಸ್ಟಿನ ಸಭೆಯಲ್ಲಿ ಕೇಳಿಕೊಂಡದ್ದು ಆ ಕಾರಣಕ್ಕೆ.

ಕಳೆದ ವರ್ಷ ಜುಲೈಯಿಂದ ನಾವು ಒಂದು ಸಣ್ಣ ಪ್ರಯತ್ನ ಮಾಡಿದೆವು. ತುಳುವಿಗೆ ನಮ್ಮ ಆಯಾ ಇದ್ದರು. ಬ್ಯಾರಿ ಮತ್ತು ಕೊಂಕಣಿ ಮನೆಮಾತಿನ ಇಬ್ಬರು ತಾಯಂದಿರನ್ನು ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನದ ಊಟದವರೆಗೆ ಬಂದು ಕುಳಿತುಕೊಳ್ಳಿ ಎಂದು ಕೇಳಿಕೊಂಡೆವು. ಲಂಬಾಣಿ ಮಕ್ಕಳಿಗೆ ಅವರದೇ ಶೆಡ್ಡಿನ ಒಬ್ಬ ಅಕ್ಕ ವಾರಕ್ಕೆ ಎರಡು ದಿನ ಬಂದಳು. ಅವರು ಪಾಠ ಮಾಡುವುದಿಲ್ಲ. ಮಗು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾರೆ, ಟೀಚರಿಗೆ ಹೇಳುತ್ತಾರೆ, ಟೀಚರ್ ಹೇಳಿದ ಕತೆಯನ್ನು ಮಗುವಿನ ಮಾತಿನಲ್ಲಿ ಇನ್ನೊಮ್ಮೆ ಹೇಳುತ್ತಾರೆ. ಮಕ್ಕಳು ಅವರನ್ನು ‘ಮನೆಮಾತಿನ ಅಕ್ಕ’ ಎಂದು ಕರೆಯತೊಡಗಿದರು, ನಾವೂ ಅದೇ ಹೆಸರನ್ನು ಉಳಿಸಿಕೊಂಡೆವು.

ಆಟಿ ತಿಂಗಳ ಮಳೆಯಲ್ಲಿ ಅಂಗಳಕ್ಕೆ ಇಳಿಯುವಂತಿರಲಿಲ್ಲ. ಯಾರದೋ ಮನೆಯ ಅಟ್ಟದಿಂದ ಒಂದು ಹಳೆಯ ಚೆನ್ನೆಮಣೆ ಬಂತು, ಗುಳಿಗಳಿಗೆ ಕಾಯಿ ಹಾಕಿ ಆಡುವ ಮರದ ಮಣೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಮಕ್ಕಳು ಒಂಜಿ, ರಡ್ಡ್, ಮೂಜಿ ಎಂದು ಕಾಯಿ ಹಾಕುತ್ತಿದ್ದರು. ಪಕ್ಕದ ಮಗು ಏಕ್, ದೋನ್, ತೀನ್ ಎನ್ನುತ್ತಿತ್ತು. ಟೀಚರ್ ಒಂದು, ಎರಡು, ಮೂರು ಎಂದು ಜೊತೆಗೂಡಿದರು. ನಾಲ್ಕು ಎಂದರೆ ಎಷ್ಟು ಎಂಬುದು ಮನೆಮಾತಿನಲ್ಲಿ ಬೆರಳಿಗೆ ಗೊತ್ತಾದ ಮಗುವಿಗೆ ಕನ್ನಡದಲ್ಲಿ ಎಣಿಕೆಯನ್ನು ಮೊದಲಿನಿಂದ ಕಲಿಸಬೇಕಾಗುವುದಿಲ್ಲ, ಇನ್ನೊಂದು ಹೆಸರನ್ನು ಕೊಟ್ಟರೆ ಸಾಕು. ಇದನ್ನು ನಾನು ಪುಸ್ತಕಗಳಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಆ ಮಣೆಯ ಮುಂದೆ.

ಆ ಮೌನದ ಹುಡುಗಿ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಪುಚ್ಚೆಯ ಕತೆಯನ್ನು ತಾನೇ ಎದ್ದು ನಿಂತು ಹೇಳಿದಳು. ಮೊದಲು ಪೂರ್ತಿ ತುಳುವಿನಲ್ಲಿ. ದಸರಾ ರಜೆ ಮುಗಿದು ಬಂದ ಮೇಲೆ ಅರ್ಧ ಕನ್ನಡದಲ್ಲಿ. ಈಗ ಬೆಕ್ಕು, ಪುಚ್ಚೆ, ಮಾಜರ್ ಮೂರೂ ಅವಳಿಗೆ ಗೊತ್ತು. ಮಾಜರ್ ಎಂಬುದನ್ನು ಕಲಿಸಿದ್ದು ಪಕ್ಕದಲ್ಲಿ ಕೂರುವ ಗೆಳತಿ.

ಸೆಪ್ಟೆಂಬರಿನಲ್ಲಿ ಇನ್ನೊಂದು ಸಂಗತಿ ನಡೆಯಿತು. 8ನೇ ತಾರೀಕಿನ ಮೊಂತಿ ಹಬ್ಬ, ಅಂದರೆ ಕೊಂಕಣಿ ಕ್ರೈಸ್ತರ ಹೊಸ ತೆನೆಯ ಹಬ್ಬ, ಮುಗಿಸಿ ಬಂದ ಮಗು, ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿದ ಭತ್ತದ ತೆನೆಯೊಂದನ್ನು ತರಗತಿಗೆ ತಂದಿತು. ‘ನಮ್ಮಲ್ಲಿಯೂ ಕಟ್ಟುತ್ತಾರೆ’ ಎಂದು ನಾಲ್ಕೈದು ತುಳು ಮಕ್ಕಳು ಎದ್ದರು. ಬಾಗಿಲಿಗೆ, ಕಂಬಕ್ಕೆ, ತೆಂಗಿನ ಮರಕ್ಕೆ ತೆನೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುವುದು ಅವರ ಮನೆಯ ಕ್ರಮ. ಒಂದು ತೆನೆ ಇಟ್ಟುಕೊಂಡು ಟೀಚರ್ ಮೂರು ದಿನ ಪಾಠ ಮಾಡಿದರು. ಬೇರೆಯವರ ಹಬ್ಬವನ್ನು ಗೌರವಿಸಬೇಕು ಎಂದು ನಾಲ್ಕು ವರ್ಷದ ಮಗುವಿಗೆ ಬೋಧಿಸಿ ಪ್ರಯೋಜನವಿಲ್ಲ. ಪಕ್ಕದವನ ತೆನೆಯನ್ನು ಕೈಯಲ್ಲಿ ಹಿಡಿಯಲು ಕೊಟ್ಟರೆ ಅದು ಹೋಗಿ ಮನೆಯಲ್ಲಿ ಹೇಳುತ್ತದೆ.

ಪೋಷಕರಲ್ಲಿ ಕೆಲವರು ಕೇಳಿದರು: ಇಂಗ್ಲಿಷ್ ಯಾವಾಗ? ನ್ಯಾಯವಾದ ಪ್ರಶ್ನೆ. ಬೀಡಿ ಕಟ್ಟಿ, ಮೀನು ಹೊತ್ತು ಮಕ್ಕಳನ್ನು ಓದಿಸುವ ತಾಯಿಗೆ ಮಗ ನಾಳೆ ಎಲ್ಲಿಯೂ ತಲೆ ತಗ್ಗಿಸಬಾರದು ಎಂಬ ಆಸೆ. ಇಂಗ್ಲಿಷ್ ಹಾಡು, ಮಾತು ನಮ್ಮಲ್ಲಿಯೂ ಉಂಟು. ಆದರೆ ತನ್ನ ಮಾತಿನಲ್ಲಿ ಒಂದು ಕತೆಯನ್ನು ಹಿಂದುಮುಂದು ತಪ್ಪದೆ ಹೇಳಬಲ್ಲ ಮಗುವಿಗೆ ಎರಡನೆಯ, ಮೂರನೆಯ ಭಾಷೆ ಹತ್ತಿರವಾಗುತ್ತದೆ ಎಂಬುದು ನಮ್ಮ ಅನುಭವ.

ಕಾನೂನು ನಮ್ಮ ಜೊತೆಗಿದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿದ್ದಲ್ಲೆಲ್ಲ ಮನೆಮಾತಿನ ಕಲಿಕೆಯನ್ನು ಎತ್ತಿಹಿಡಿದಿವೆ. ಆದರೆ ಒಂದೇ ಕೋಣೆಯಲ್ಲಿ ಐದು ಮನೆಮಾತುಗಳಿದ್ದಾಗ, ಮೂರು ವರ್ಷದ ಮಗುವಿನ ಪಕ್ಕದಲ್ಲಿ ಕೂರುವ ಅಕ್ಕನ ಗೌರವಧನ ನಮಗೆ ಯಾವ ಅನುದಾನದಲ್ಲಿಯೂ ಸಿಕ್ಕಿಲ್ಲ. ಕಳೆದ ವರ್ಷ ಆ ತಾಯಂದಿರು ಉಚಿತವಾಗಿಯೇ ಬಂದರು. ಅರ್ಧ ದಿನ ಶಾಲೆಯಲ್ಲಿ ಕುಳಿತರೆ ಅರ್ಧ ದಿನದ ಬೀಡಿಯ ಸಂಪಾದನೆ ಹೋಗುತ್ತದೆ. ಅದನ್ನು ಇನ್ನೊಂದು ವರ್ಷ ಅವರಿಂದ ಕೇಳುವುದು ಸರಿಯಲ್ಲ.

ಆದ್ದರಿಂದ ನಮ್ಮ ಬೇಡಿಕೆ ಹೀಗಿದೆ. ಮೂವರು ಮನೆಮಾತಿನ ಅಕ್ಕಂದಿರಿಗೆ ತಿಂಗಳಿಗೆ 8,000 ರೂಪಾಯಿಯಂತೆ ಹತ್ತು ತಿಂಗಳಿಗೆ 2,40,000 ರೂಪಾಯಿ. ಹನ್ನೆರಡು ಚಿತ್ರಪುಸ್ತಕಗಳನ್ನು ಬರೆಸಿ, ಚಿತ್ರ ಬಿಡಿಸಿ, ಮುದ್ರಿಸಲು 60,000 ರೂಪಾಯಿ. ಒಟ್ಟು ಮೂರು ಲಕ್ಷ. ಒಬ್ಬ ಅಕ್ಕನ ಒಂದು ದಿನದ ಗೌರವಧನ 320 ರೂಪಾಯಿ ಆಗುತ್ತದೆ. ಅಷ್ಟನ್ನೇ ಕೊಟ್ಟರೂ ನಮಗೆ ದೊಡ್ಡದು.

ಪುಸ್ತಕಗಳ ಬಗ್ಗೆ ಒಂದು ಮಾತು. ತುಳು, ಬ್ಯಾರಿ, ಕೊಂಕಣಿ ಮೂರನ್ನೂ ನಮ್ಮ ಜಿಲ್ಲೆಯಲ್ಲಿ ಕನ್ನಡ ಲಿಪಿಯಲ್ಲಿ ಬರೆಯುವ ರೂಢಿ ಗಟ್ಟಿಯಾಗಿದೆ. ಮೀನಿನ ಚಿತ್ರದ ಕೆಳಗೆ ಕನ್ನಡದ ಮೀನು, ತುಳು ಮತ್ತು ಬ್ಯಾರಿಯ ಮೀನ್, ಕೊಂಕಣಿಯ ಮಾಸ್ಳಿ ಎಂದು ಬರೆದರೆ ನಾಲ್ಕೂ ಕಡೆ ಮಗು ಕಲಿಯುವುದು ‘ಮ’ ಅಕ್ಷರವನ್ನೇ. ಕನ್ನಡದ ಅಕ್ಷರ ತನ್ನ ಮನೆಯ ಮಾತಿನೊಳಗಿಂದಲೇ ಬಂದಾಗ ಮಗುವಿಗೆ ಅದು ಪರರದು ಅನ್ನಿಸುವುದಿಲ್ಲ. ಲಂಬಾಣಿ ಮಾತಿಗೂ ಇದೇ ಕ್ರಮವನ್ನು ಅನುಸರಿಸುತ್ತೇವೆ.

ಮುಂಬೈಯಲ್ಲಿ, ಕೊಲ್ಲಿ ದೇಶಗಳಲ್ಲಿ ಇರುವ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ವಿಶೇಷವಾಗಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹಲವರು ಹದಿನೈದು ಹದಿನಾರರ ವಯಸ್ಸಿನಲ್ಲಿ ಹೋಟೆಲ್ ಕೆಲಸಕ್ಕೆಂದು ಬಸ್ ಹತ್ತಿದವರು. ಹಿಂದಿ ಬಾರದೆ, ಮರಾಠಿ ಬಾರದೆ ಕಳೆದ ಮೊದಲ ತಿಂಗಳನ್ನು ರಜೆಗೆ ಬಂದಾಗ ನನ್ನ ಬಳಿ ಹೇಳಿಕೊಂಡಿದ್ದೀರಿ. ಗಲ್ಲಾದ ಬಳಿ ಯಾರೋ ತುಳುವಿನಲ್ಲಿ ‘ಊಟ ಆಯಿತೇ’ ಎಂದು ಕೇಳಿದಾಗ ಕಣ್ಣು ತುಂಬಿದ್ದನ್ನೂ ಹೇಳಿದ್ದೀರಿ. ನಮ್ಮ ಚಾಪೆಯ ಮೇಲಿನ ಮಕ್ಕಳಿಗೆ ಮೂರು ವರ್ಷ.

ದೇಣಿಗೆಯನ್ನು ಶಾಲಾ ಟ್ರಸ್ಟಿನ ಹೆಸರಿಗೆ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಕೊಡಬಹುದು, ಖಾತೆಯ ವಿವರ ಶಾಲೆಯ ಕಚೇರಿಯಲ್ಲಿ ಸಿಗುತ್ತದೆ. ನಗದಾಗಿ ಕೊಟ್ಟ ದೇಣಿಗೆ 2,000 ರೂಪಾಯಿಗಿಂತ ಹೆಚ್ಚಿದ್ದರೆ ದೇಣಿಗೆಗೆ ಸಿಗುವ ಆದಾಯ ತೆರಿಗೆಯ ವಿನಾಯಿತಿ ಅನ್ವಯಿಸುವುದಿಲ್ಲ, ಆದ್ದರಿಂದ ದೊಡ್ಡ ಮೊತ್ತವನ್ನು ಬ್ಯಾಂಕಿನ ಮೂಲಕವೇ ಕಳುಹಿಸಿ. ವಿದೇಶದಲ್ಲಿದ್ದೂ ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡಬಹುದು. ಬೇರೆ ದೇಶದ ಪೌರತ್ವ ಪಡೆದವರ ಹಣವನ್ನು ಸ್ವೀಕರಿಸಲು ನಮಗೆ ವಿದೇಶಿ ದೇಣಿಗೆಯ ನೋಂದಣಿ ಇಲ್ಲ, ದಯವಿಟ್ಟು ಕ್ಷಮಿಸಿ. ಪ್ರತಿ ರೂಪಾಯಿಗೂ ರಸೀದಿ ಕೊಡುತ್ತೇವೆ. ಮಾರ್ಚ್ ಕೊನೆಗೆ ಲೆಕ್ಕಪತ್ರವನ್ನು ಶಾಲೆಯ ಸೂಚನಾ ಫಲಕದಲ್ಲಿ ಹಾಕುತ್ತೇವೆ.

ಹಣ ಕೊಡಲಾಗದವರಿಂದಲೂ ಒಂದು ಸಹಾಯ ಬೇಕಾಗಿದೆ. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ, ಅವರಿಗೆ ತೊಟ್ಟಿಲ ಹಾಡೋ, ಒಗಟೋ, ಗುಬ್ಬಿಯ ಕತೆಯೋ ನೆನಪಿದ್ದರೆ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ನಮಗೆ ತಲುಪಿಸಿ. ಯಾವ ಭಾಷೆಯಾದರೂ ಸರಿ. ಕೊರಗ ಭಾಷೆಯಲ್ಲಿ ಹಾಡಬಲ್ಲ ಹಿರಿಯರು ಯಾರಾದರೂ ಹತ್ತಿರದಲ್ಲಿದ್ದರೆ ದಯವಿಟ್ಟು ತಿಳಿಸಿ, ನಾವೇ ಅವರ ಮನೆಗೆ ಹೋಗುತ್ತೇವೆ. ಈ ಜೂನ್‌ನಲ್ಲಿ ಕೊರಗ ಸಮುದಾಯದ ಮನೆಗಳಿಂದ ಇಬ್ಬರು ಮಕ್ಕಳು ಸೇರುತ್ತಿದ್ದಾರೆ. ಅವರು ಬಂದ ಮೊದಲ ದಿನ ಕೋಣೆಯಲ್ಲಿ ಅವರ ಮಾತಿನ ಒಂದು ಹಾಡಾದರೂ ಕೇಳಿಸಲಿ ಎಂಬುದು ನಮ್ಮ ಆಸೆ.